ಏಳನೇ ಮೆಟ್ಟಿಲ ಸಿಗ್ನಲ್

ಅವನು ಮೊದಲ ಸಲ ಬಂದಾಗ ನಾನು ಮೆಟ್ಟಿಲ ಮೇಲೆ ಕೂತು ಪಾಠ ಮಾಡುತ್ತಿದ್ದೆ. ಏಳನೇ ಮೆಟ್ಟಿಲು. ನಮ್ಮ ಮನೆಯಲ್ಲಿ ವೈಫೈ ಅಷ್ಟೋ ಇಷ್ಟೋ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಎಂಟಕ್ಕೆ ಹತ್ತಿದರೆ ಮಾತು ತುಂಡಾಗುತ್ತಿತ್ತು, ಆರಕ್ಕೆ ಇಳಿದರೆ ಮುಖವೇ ನಿಂತುಬಿಡುತ್ತಿತ್ತು.

ಪಾಠ ಮುಗಿಯುವ ತನಕ ವೈಫೈ ರಿಪೇರಿಯವನು ಬಾಗಿಲಲ್ಲೇ ಕಾದ. ಎಷ್ಟು ದಿನದಿಂದ ಇಲ್ಲಿ ಕೂರುತ್ತಿದ್ದೀರಿ ಎಂದು ಕೇಳಿದ. ಹನ್ನೊಂದು ತಿಂಗಳು ಎಂದೆ.

"ಹಾಗಾದ್ರೆ ಮೆಟ್ಟಿಲಿಗೂ ಪಾಠ ಬಾಯಿಗೆ ಬಂದಿರತ್ತೆ ಬಿಡಿ, ಮೇಡಂ."

ನಾನು ನಗಲಿಲ್ಲ. ನಗಬಹುದಿತ್ತು ಎನಿಸಿತು. ಗಂಡ ಸತ್ತ ಎರಡು ವರ್ಷಗಳಲ್ಲಿ ಅಷ್ಟೂ ಅನಿಸಿರಲಿಲ್ಲ.

ಅವನಿಗೆ ವಿಷಯ ಹೇಳಿದೆ. ಸೋಮವಾರ ಹತ್ತಕ್ಕೆ ಕಾಲೇಜಿನ ಮುಖ್ಯಸ್ಥರು ನನ್ನ ಆನ್‌ಲೈನ್ ತರಗತಿಗೆ ಬಂದು ಕೂರುತ್ತಾರೆ. ಮತ್ತೆ ದನಿ ಕಡಿದರೆ ಕೆಲಸ ಬೇರೆಯವರಿಗೆ. ಹೊಸ ರೌಟರ್ ಕೊಳ್ಳುವ ಶಕ್ತಿ ನನಗಿಲ್ಲ.

ಅವನು ಫೋನ್ ಹಿಡಿದು ಮನೆಯಿಡೀ ನಡೆದ. ನಿಂತಲ್ಲೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಿಗ್ನಲ್ಲಿನ ಅಂಕಿ ಬರೆದ. ಅಡುಗೆಮನೆ ಸೊನ್ನೆ. ನನ್ನ ಕೋಣೆ ಒಂದು. ಏಳನೇ ಮೆಟ್ಟಿಲಲ್ಲಿ ಅಂಕಿ ಬರೆಯಲಿಲ್ಲ. ಪುಟ್ಟದೊಂದು ದಿಂಬಿನ ಚಿತ್ರ ಬಿಡಿಸಿ, ಏನೂ ಮಾಡದವನಂತೆ ಮುಂದೆ ಹೋದ.

ರೌಟರ್ ನನ್ನ ಗಂಡನ ಕೋಣೆಯಲ್ಲಿತ್ತು, ಕಬ್ಬಿಣದ ಬೀರುವಿನ ಹಿಂದೆ, ನೆಲದ ಮೇಲೆ. ಅವರೇ ಇಟ್ಟದ್ದು. ಅತ್ತೆ ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದರು. ಮಗನದ್ದು ಅಂತ ಇನ್ನೂ ಮಿಣುಕುವುದು ಅದೊಂದೇ ಎನ್ನುತ್ತಿದ್ದರು. ಹಾಗಾಗಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನಾನೂ.

"ಏನೂ ಕೊಳ್ಳೋದು ಬೇಡ," ಎಂದ ಅವನು. "ಬೀರು ಹಿಂದೆ ಕೂಡಿಹಾಕಿದ್ರೆ ಅದಾದ್ರೂ ಏನು ಮಾಡತ್ತೆ, ಪಾಪ. ಮನೆ ನಡುವೆ, ಎತ್ತರದಲ್ಲಿಡಿ. ಹಳೇ ವೈರು ನನ್ನ ಹತ್ರಾನೇ ಇದೆ."

ಅದು ಅಲ್ಲಿಂದ ಕದಲುವುದಿಲ್ಲ ಎಂದರು ಅತ್ತೆ. ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ.

ಆಮೇಲೆ ಎರಡು ಸಲ ಬಂದ. ಒಮ್ಮೆ ಆಂಟೆನಾ ನೆಟ್ಟಗೆ ಮಾಡಲು, ಒಮ್ಮೆ ಅಂಕಿ ತಾಳೆ ನೋಡಲು. ಎರಡರಿಂದಲೂ ಏನೂ ಆಗದೆಂದು ಅವನಿಗೆ ಗೊತ್ತಿತ್ತು. ಅದು ನನಗೂ ಗೊತ್ತೆಂದು ಅವನಿಗೆ ಗೊತ್ತಿತ್ತು. ಅತ್ತೆ ನೆಲದ ಅಂಕಿಗಳನ್ನೆಲ್ಲ ಒರೆಸಿದರು. ದಿಂಬನ್ನು ಮಾತ್ರ ನಾನು ಒರೆಸಗೊಡಲಿಲ್ಲ. ಅದು ಅಳಿಸಿಹೋಗದಂತೆ ಪಕ್ಕಕ್ಕೆ ಸರಿದು ಕೂತು ಪಾಠ ಮಾಡಿದೆ.

ಭಾನುವಾರ ತರಕಾರಿ ಹೆಚ್ಚುತ್ತ ಅತ್ತೆ, ಆ ಹುಡುಗ ಸುಮ್ಮಸುಮ್ಮನೆ ಬರುತ್ತಿದ್ದರೆ ನಾಲ್ಕು ಜನ ಏನಂದಾರು ಎಂದರು. ನಾನು ಎದ್ದು ಅವನಿಗೆ ಫೋನ್ ಮಾಡಿ ವೈರು ತರಲು ಹೇಳಿದೆ. ಗಂಡನ ಕೋಣೆಯ ಬಾಗಿಲು ತೆರೆದೆ. ಬೀರುವನ್ನು ಒಬ್ಬಳೇ ಎಳೆದೆ.

"ಅವನು ಇಟ್ಟ ಜಾಗ ಅದು," ಎಂದರು ಅತ್ತೆ.

"ಅವರು ಬಿಟ್ಟ ಜಾಗದಲ್ಲೇ ನಾನೂ ಇದ್ದೀನಿ, ಅತ್ತೆ. ಇನ್ನು ಇರಲ್ಲ."

ವೈರು ಕಿತ್ತೆ. ಹಸಿರು ದೀಪ ಆರಿತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಅವನು ಬಂದು, ನಡುಮನೆಯ ಗೋಡೆಗೆ ಎತ್ತರದಲ್ಲಿ ಹಲಗೆ ಹೊಡೆದು, ವೈರು ಎಳೆದು, ರೌಟರ್ ಅಲ್ಲಿಟ್ಟ. ದೀಪಗಳು ಒಂದೊಂದಾಗಿ ಹತ್ತಿಕೊಂಡಾಗ ಅತ್ತೆ ಒಳಗೆ ಹೋದರು.

ಸೋಮವಾರ ನನ್ನ ಕೋಣೆಯಲ್ಲಿ, ನನ್ನ ಮೇಜಿನ ಮುಂದೆ ಕೂತು ಪಾಠ ಮಾಡಿದೆ. ಒಂದು ಮಾತೂ ತುಂಡಾಗಲಿಲ್ಲ. ಕೆಲಸ ನನಗೇ ಉಳಿಯಿತು.

ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಚೀಲವಿರಲಿಲ್ಲ.

"ಎಲ್ಲಾ ಸರಿಹೋಯ್ತಲ್ಲಪ್ಪ," ಎಂದರು ಅತ್ತೆ. "ಮತ್ತೆ ಯಾಕೆ ಬಂದೆ?"

ಅವನು ತನ್ನ ಬರಿಗೈ ನೋಡಿಕೊಂಡ. ಯಾವ ನೆಪವೂ ಉಳಿದಿರಲಿಲ್ಲ.

"ನಾನು ಕರೆದೆ, ಅತ್ತೆ," ಎಂದೆ. "ಇನ್ನು ಮುಂದೂ ಕರೀತೀನಿ."

ಹೋಗಿ ಏಳನೇ ಮೆಟ್ಟಿಲ ಮೇಲೆ ಕೂತೆ, ದಿಂಬಿನ ಜಾಗ ಅವನಿಗೆ ಬಿಟ್ಟು.