ನನ್ನ ನಗು ನಿನಗೆ

ಯಶಿಕಾಗೆ ಒಂದು ವರ್ಷಕ್ಕಿಂತ ಹಳೆಯ ಗೆಳತಿ ಒಬ್ಬಳೂ ಇರಲಿಲ್ಲ. ಅಪ್ಪ ವಾಯುಪಡೆಯಲ್ಲಿದ್ದರು, ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಆರು ಶಾಲೆಗಳಾಗಿದ್ದವು. ನಾಗಪುರಕ್ಕೆ ಬಂದು ಎಂಟು ತಿಂಗಳು. ಮುಂದಿನ ವಾರ ಜೋಧಪುರ.

ಪರೀಕ್ಷೆ ಮುಗಿದ ದಿನ ಎಲ್ಲರ ಇಯರ್‌ಬುಕ್ಕುಗಳೂ ಸಹಿಗಾಗಿ ಬೆಂಚಿನಿಂದ ಬೆಂಚಿಗೆ ಹರಿದಾಡಿದವು. ಸುಮೇಧಾಳದ್ದು ಮಾತ್ರ ಅವಳ ಮಡಿಲಲ್ಲೇ ಉಳಿಯಿತು. ತರಗತಿಯಲ್ಲಿ ಕನ್ನಡ ಬರುವ ಇನ್ನೊಬ್ಬಳೆಂದರೆ ಅವಳೇ. ಮೂರು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಶುರುವಾದ ಕಣ್ಣೀರು ಅವಳಿಗೆ ಇನ್ನೂ ನಿಂತಿರಲಿಲ್ಲ. ಲೆಕ್ಕ ಮಾಡುವಾಗಲೂ ಸುರಿಯುತ್ತಿತ್ತು, ಡಬ್ಬಿ ಬಿಚ್ಚಿ ತಿನ್ನುವಾಗಲೂ ಸುರಿಯುತ್ತಿತ್ತು. ಧರಮಪೇಠದ ಕಣ್ಣಿನ ಡಾಕ್ಟರು ಕೈಚೆಲ್ಲಿದ್ದರು.

"ಮತ್ ಲಿಖ್ ಯಾರ್," ಎಂದ ಹಿಂದಿನ ಬೆಂಚಿನ ಸಂಕೇತ್. "ಉಸ್ಕೀ ದಾದಿ ಜಾದೂಟೋನಾ ಕರ್ತೀ ಹೈ."

ಸುಮೇಧಾಳ ಪುಸ್ತಕದಲ್ಲಿ ಬರೆಯಬಾರದಂತೆ, ಅವಳ ಅಜ್ಜಿ ಮಾಟ ಮಾಡುತ್ತಾಳಂತೆ. "ತೋ ತೂ ಮಾರ್ಕ್ಸ್ ಬಢವಾ ಲೇ," ಹಾಗಿದ್ದರೆ ಅಜ್ಜಿಯಿಂದಲೇ ನಿನ್ನ ಅಂಕ ಏರಿಸಿಕೋ ಎಂದು ಯಶಿಕಾ ನಕ್ಕಳು. ಮೂಗಿನಲ್ಲಿ ಗೊರ್ ಎಂದು ಶುರುವಾಗಿ ಬಿಕ್ಕಳಿಕೆಯಲ್ಲಿ ನಿಲ್ಲುವ ನಗು. ಅದನ್ನು ಕೇಳಿ ಇಡೀ ತರಗತಿ ನಕ್ಕಿತು.

ಆ ಮಧ್ಯಾಹ್ನವೇ ಅವಳು ಸುಮೇಧಾಳ ಜೊತೆ ಕೋರಾಡಿಯ ಬಸ್ಸು ಹತ್ತಿದಳು. ಸುಮೇಧಾಳ ಅಪ್ಪ ಗುರುಸಿದ್ದಪ್ಪ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸಿನ ಕಿಟಕಿಗಳೆಲ್ಲ ಹಾರುಬೂದಿಗೆ ಹೆದರಿ ಮುಚ್ಚಿಕೊಂಡಿದ್ದವು. ಒಳಗೆ ಹಗಲೇ ಕತ್ತಲೆ. ಬೇವಿನೆಣ್ಣೆಯ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ವಾಸನೆ. ಎಲ್ಲೋ ದೂರದ ಯಂತ್ರಗಳ ಗುಂಯ್ ಸದ್ದು ಗೋಡೆಯೊಳಗಿಂದ ಬರುತ್ತಿತ್ತು.

ಸುಮೇಧಾ ಪುಸ್ತಕವನ್ನು ಕೊಟ್ಟಳು, ಆದರೆ ಕೈ ಬಿಡಲಿಲ್ಲ.

"ಹೆಸರಷ್ಟ ಬರಿ ಯಶಿ. ಕೊಡ್ತೀನಿ ಅಂತ ಏನೂ ಬರೀಬ್ಯಾಡ. ತಗೋತೀನಿ ಅಂತನೂ ಬ್ಯಾಡ. ಅಜ್ಜಿ ಇದಕ್ಕ ಏನೋ ಮಾಡ್ಯಾಳ."

"ಏನ್ ಮಾಡಿದ್ದಾರೆ?"

"ಅವ್ವನ ಕೂದಲಿಂದ ಹೊಲದಾಳ."

ಯಶಿಕಾ ಪುಸ್ತಕದ ಬೆನ್ನು ನೋಡಿದಳು. ಹೊಲಿಗೆ ಕಪ್ಪಗೆ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. "ದಾರ ಕಣೇ ಇದು," ಎಂದಳು. "ಬರೀ ಹೆಸರು ಬರೆದ್ರೆ ನಾಳೆ ನನ್ನ ಯಾರು ನೆನಪಿಟ್ಕೋತಾರೆ?"

ಐದು ಶಾಲೆಗಳು ಅವಳನ್ನು ಮರೆತಿದ್ದವು. ಇಯರ್‌ಬುಕ್ಕುಗಳಲ್ಲಿ ಹುಡುಗಿಯರು ಪ್ರಾಣವನ್ನೇ ಕೊಡುತ್ತೇವೆಂದು ಬರೆಯುತ್ತಾರೆ, ಯಾರೂ ಬಂದು ಕೇಳುವುದಿಲ್ಲ. ಅವಳು ಸೊಟ್ಟ ಕನ್ನಡದಲ್ಲಿ, ನಿಧಾನವಾಗಿ ಬರೆದಳು:

ನನ್ನ ನಗು ನಿನಗೆ. ನಿನ್ನ ಅಳು ನನಗೆ. ಕೊನೇ ತನಕ. ಯಶಿಕಾ.

ಬೇವಿನೆಣ್ಣೆಯ ವಾಸನೆ ಒಮ್ಮೆಲೇ ಗಂಟಲಿಗೆ ಇಳಿಯಿತು. ಒಳಕೋಣೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಬಾಗಿ, ಹಾಳೆಯ ಮೇಲೆ ಬೆರಳಾಡಿಸಿ ಓದಿದಳು.

"ತಾನಾಗೇ ಬರದಾಳ. ಯಾರೂ ಕೈ ಹಿಡಿದು ಬರಸಿಲ್ಲ."

"ಅಜ್ಜಿ, ಬ್ಯಾಡ! ಆಕಿ ನನ್ನ ಗೆಳತಿ!"

"ಅದಕ್ಕ ಬರದಾಳ."

ಅಜ್ಜಿ ಪುಸ್ತಕ ಮುಚ್ಚಿದಳು. ಅಷ್ಟೇ ಮಾಡಿದ್ದು.

ಯಶಿಕಾಳ ಕಣ್ಣು ಉರಿಯಿತು. ಒಂದು ಹನಿ. ಇನ್ನೊಂದು. ಒರೆಸಿಕೊಂಡಳು. ನಿಲ್ಲಲಿಲ್ಲ. ಎದೆಯೊಳಗೆ ಯಾರೋ ಸತ್ತಂತಾಯಿತು. ಯಾರು? ಗೊತ್ತಾಗಲಿಲ್ಲ. ನೀರು ಗಲ್ಲ ದಾಟಿತು, ಕುತ್ತಿಗೆ ದಾಟಿತು. ಎದುರಿಗೆ ಸುಮೇಧಾಳ ಕಣ್ಣು ಒಣಗುತ್ತಿತ್ತು. ಅವಳ ಬಾಯಿ ತೆರೆಯಿತು. ಗೊರ್ ಎಂದಿತು. ಬಿಕ್ಕಳಿಸಿತು. ಯಶಿಕಾಳ ನಗು, ಅವಳ ಗಂಟಲಲ್ಲಿ.

ಯಶಿಕಾ ಪುಸ್ತಕ ಕಿತ್ತುಕೊಂಡು ಹಾಳೆ ಎಳೆದಳು. ಹಾಳೆ ಬರಲಿಲ್ಲ. ಕೂದಲು ಬೆರಳು ಕೊಯ್ದಿತು. ಅವಳು ಪೆನ್ನನ್ನು ಸುಮೇಧಾಳ ಕೈಗೆ ತುರುಕಿದಳು.

"ವಾಪಸ್ ಬರಿ! ನನ್ನ ಅಳು ನನಗೇ ಅಂತ ಬರಿ! ಜಲ್ದಿ!"

ಸುಮೇಧಾ ಪೆನ್ನು ನೋಡಿದಳು. ಒಣಗಿದ ಕೆನ್ನೆಯನ್ನು ಮುಟ್ಟಿ ನೋಡಿಕೊಂಡಳು. ಮತ್ತೆ ನಗು ಬಂತು, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಮೂರು ವರ್ಷ ಆತಲೇ ಯಶಿ," ಎಂದಳು. "ನಾ ಹೇಳಿದ್ನಲ್ಲ, ಹೆಸರಷ್ಟ ಬರಿ ಅಂತ."

ಪೆನ್ನಿನ ಮುಚ್ಚಳ ಹಾಕಿದಳು.

ಬಸ್ಸಿನಲ್ಲಿ ಯಾರೂ ಯಶಿಕಾಳ ಪಕ್ಕ ಕೂರಲಿಲ್ಲ. ವಾಯುಸೇನಾ ನಗರದ ಮನೆಯಲ್ಲಿ ಪೊನ್ನಮ್ಮ, ಅವಳನ್ನು ಹೆತ್ತ ತಾಯಿ, ಸಾಮಾನು ಕಟ್ಟುತ್ತಿದ್ದವಳು ಎದ್ದು ಬಂದು ಕೆನ್ನೆ ಹಿಡಿದಳು.

"ಯಾಕೆ ಮಗಳೇ? ಯಾರು ಏನಂದ್ರು?"

ಯಶಿಕಾ ಆ ಮುಖವನ್ನು ನೋಡಿದಳು. ಒಳ್ಳೆಯ ಹೆಂಗಸು. ಯಾರ ತಾಯಿಯೋ.

"ನಮ್ಮಮ್ಮ ಸತ್ತು ಮೂರು ವರ್ಷ ಆಯ್ತು, ಆಂಟಿ," ಎಂದಳು.

ಪೊನ್ನಮ್ಮನ ಕೈ ಕೆನ್ನೆಯಿಂದ ಜಾರಿತು. ಆ ಒಂದು ಮಧ್ಯಾಹ್ನ ಹೋದದ್ದು ಇಷ್ಟು: ಒಂದು ನಗು, ಒಬ್ಬ ಗೆಳತಿ, ಬದುಕಿದ್ದ ಒಬ್ಬ ತಾಯಿ.