ಹಳೆ ಉಣ್ಣೆಯ ಕುಲಾವಿ

ಆಸ್ಪತ್ರೆಯ ಕಪಾಟು ತೆರೆದ ಅಂಕಿತಾಳ ಕೈ ಅಲ್ಲೇ ನಿಂತುಬಿಟ್ಟಿತು.

ಆರು ತಿಂಗಳಿಂದ ಸವಣೂರಿನ ಹೆಂಗಸರು ಎಳೆಗೂಸುಗಳಿಗೆಂದು ಹೆಣೆದು ಕಳಿಸಿದ ಕುಲಾವಿಗಳು... ಒಂದೂ ಬಿಡದೆ ಅಲ್ಲೇ ಇದ್ದವು. ಯಾವುದರ ಮಡಿಕೆಯೂ ಬಿಚ್ಚಿರಲಿಲ್ಲ.

"ನರ್ಸ್ ಲೋಹಿತ ಅಂದ್ರ ನೀವ ಏನ್ರಿ?" ಹಿಂದೆ ನಿಂತಿದ್ದವನನ್ನು ಕೇಳಿದಳು.

"ಹೌದ್ರಿ."

"ಪ್ರತಿ ಸಲ 'ಮುಟ್ಟಿದವು, ಭಾಳ ಚಲೋ ಅದಾವು' ಅಂತ ಮೆಸೇಜ್ ಹಾಕಿದವರೂ ನೀವ?"

ಅವನು ತಲೆ ತಗ್ಗಿಸಿದ. "ಕೂಸಿಗೆ ಯಾರೂ ಹಾಕಸವಲ್ರರಿ..."

ಅಂಕಿತಾ ಶಿಗ್ಗಾಂವದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಕೂಸಿನ ಮೈಶಾಖದ ದೊಡ್ಡ ಪಾಲು ತಲೆಯಿಂದಲೇ ಸೋರಿಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿ, ಮಹಾದೇವಕ್ಕನ ಹೆಣಿಗೆ ಬಳಗವನ್ನು ಈ ಕೆಲಸಕ್ಕೆ ಹಚ್ಚಿದವಳು ಅವಳೇ. ಹಾನಗಲ್ಲಿನ ಈ ಸಣ್ಣ ಹೆರಿಗೆ ಆಸ್ಪತ್ರೆಗೆ ಅವಳು ಬಂದದ್ದು ಮಾತ್ರ ಇದೇ ಮೊದಲು.

ಲೋಹಿತನ ಮಾತು ನಂಬದೆ ಒಂದು ಕುಲಾವಿ ಹಿಡಿದು ವಾರ್ಡಿಗೆ ನಡೆದಳು. ಆಡೂರಿನ ಸಿದ್ದವ್ವ ಬೆಳಿಗ್ಗೆ ಹುಟ್ಟಿದ ಮೊಮ್ಮಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎರಡು ಕಿಲೋ ಕೂಡ ತೂಗದ ಕೂಸು. ಮೈಗೆ ಹಳೆಯ ಧೋತರದ ತುಂಡು, ತಲೆ ಬರಿದು. ಅಂಕಿತಾ ಕೈ ಚಾಚಿದೊಡನೆ ಮುದುಕಿ ಅದನ್ನು ಮೆಲ್ಲಗೆ ಸರಿಸಿದಳು.

"ಬ್ಯಾಡ ನಮ್ಮವ್ವ. ತೊಟ್ಲಾಗ ಹಾಕೂತನಕ ಕೂಸಿಗೆ ಹೊಸಾ ಅರಿವಿ ಮುಟ್ಟಸಂಗಿಲ್ಲ."

ಅಂಕಿತಾಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅಣ್ಣನ ಮಗನನ್ನೂ ಅಜ್ಜನ ಹಳೆಯ ಧೋತರದಲ್ಲೇ ಸುತ್ತಿದ್ದರು. ಉಣ್ಣೆ, ಉಷ್ಣತೆ ಎಂದು ಲೆಕ್ಕ ಹಾಕುತ್ತ ಅದನ್ನೇ ಮರೆತಿದ್ದಳು... ಸಿಟ್ಟು ತನ್ನ ಮೇಲೂ ಬಂತು, ಲೋಹಿತನ ಮೇಲೂ.

ಪಡಸಾಲೆಯಲ್ಲಿ ಅವನನ್ನು ನಿಲ್ಲಿಸಿದಳು. ಮೊದಲ ತಿಂಗಳೇ ಹೇಳಿದ್ದರೆ ಏನಾದರೊಂದು ದಾರಿ ಹುಡುಕುತ್ತಿದ್ದೆವು, ಸುಳ್ಳು ಯಾಕೆ ಬರೆದಿರಿ ಎಂದು ಕೇಳಿದಳು. ಲೋಹಿತ ಅವಳ ಕೈಯಿಂದ ಕುಲಾವಿ ತೆಗೆದುಕೊಂಡು ಮಡಿಸತೊಡಗಿದ.

'ಇವನ ಎರಡು ಸಾಲು ಓದಿ ಎಷ್ಟು ಸಲ ಒಬ್ಬಳೇ ನಕ್ಕಿದ್ದೆ...' ತಿರುಗಿ ನೋಡದೆ ಹೊರಟಳು.

ಬಸ್ಸು ಬಂಕಾಪುರ ದಾಟುವ ಹೊತ್ತಿಗೆ ಒಂದು ಯೋಚನೆ ಹೊಳೆಯಿತು. ಸಿದ್ದವ್ವ ಹೊಸದು ಬೇಡ ಅಂದಳು. ಬೆಚ್ಚಗಿನದು ಬೇಡ ಅನ್ನಲಿಲ್ಲವಲ್ಲ!

ಆ ಸಂಜೆ ಮಹಾದೇವಕ್ಕನಿಗೆ ಫೋನ್ ಮಾಡಿದಳು. ಲೋಹಿತನಿಗೆ ಒಂದೇ ಸಾಲು ಕಳಿಸಿದಳು: ಮಕ್ಕಳು ಹಾಕಿ ಬಿಟ್ಟ ಸ್ವೆಟರ್ ಬೇಕು, ಎಲ್ಲಿಂದಾದರೂ.

ಮರುದಿನ ರವಿವಾರ, ಸವಣೂರಿನಲ್ಲಿ ಮಹಾದೇವಕ್ಕನ ಅಂಗಳ ತುಂಬಿತ್ತು. ಕುಲಾವಿಗಳು ಕಪಾಟಿನಲ್ಲೇ ಉಳಿದದ್ದನ್ನು ಅಂಕಿತಾ ಹೇಳಿದಳು; ಹಳೆಯ ಸ್ವೆಟರ್ ಬಿಚ್ಚಿ ಆ ಉಣ್ಣೆಯಲ್ಲೇ ಹೆಣೆಯೋಣ ಎಂದಳು. ಬಳಗದ ಫರ್ಜಾನಾ ಸೂಜಿ ಕೆಳಗಿಟ್ಟಳು.

"ಆರು ತಿಂಗಳಾ ಹೆಣಿಸಿದ್ರಿ. ಈಗ ಬಿಚ್ಚೂದು ಕಲಸಾಕ ಬಂದೀರೇನ್ರಿ ಬಾಯಾರ?"

ಎಲ್ಲರೂ ನಕ್ಕರು. ಕಪಾಟಿನಲ್ಲಿದ್ದ ಹೊಸ ಕುಲಾವಿಗಳು ತೊಟ್ಟಿಲ ಶಾಸ್ತ್ರ ಮುಗಿದ ಕೂಸುಗಳಿಗೆ ಎಂದು ತೀರ್ಮಾನವಾಯಿತು. ಫರ್ಜಾನಾಳೇ ಮೊದಲು ಟ್ರಂಕಿನಿಂದ ಮಗಳು ನುಜಹತಳ ಕೆಂಪು ಸ್ವೆಟರ್ ತಂದು ಬಿಚ್ಚತೊಡಗಿದಳು. ಉಣ್ಣೆ ಬಿಸಿನೀರಿಗೆ ಬಿತ್ತು. ಸುರುಳಿ ಬಿಡಲಿ ಎಂದು ಭಾರ ಕಟ್ಟಿ ಬಿಸಿಲಿಗೆ ತೂಗುಹಾಕಿದರು.

ಮಧ್ಯಾಹ್ನ ಲೋಹಿತ ಬಂದ. ತನ್ನೂರು ಮಾಸೂರು, ಹಿರೇಕೆರೂರು ಸುತ್ತಿ ಎರಡು ಚೀಲ ತುಂಬಿಸಿದ್ದ. ಹೆಂಗಸರು ಚುಡಾಯಿಸಿದರೂ ಏಳದೆ ಕೂತು ಸಂಜೆಯವರೆಗೆ ಒಂದೊಂದೇ ಗಂಟು ಬಿಡಿಸಿದ. ಅಂಕಿತಾ ನೋಡಿಯೂ ನೋಡದಂತೆ ಇದ್ದಳು.

ಸೋಮವಾರ, ಹೆಂಗಸರು ರಾತ್ರಿಯೆಲ್ಲ ಹೆಣೆದ ಹನ್ನೊಂದು ಕುಲಾವಿಗಳೊಂದಿಗೆ ಮತ್ತೆ ವಾರ್ಡಿಗೆ ಹೋದಳು. ಹಳೆಯ ಸ್ವೆಟರಿನ ಉಣ್ಣೆ ಎಂದು ಕೇಳಿ ಸಿದ್ದವ್ವ ಕೆಂಪು ಕುಲಾವಿಯನ್ನು ತಿರುವಿ ನೋಡಿದಳು. "ಯಾರ ಮಕ್ಳು ಹಾಕ್ಕೊಂಡಿದ್ದವ್ವಾ ಈ ಉಣ್ಣಿ?"

ಸುಳ್ಳು ಹೇಳುವುದು ಸುಲಭವಿತ್ತು.

"ನುಜಹತ ಅಂತರಿ. ಸವಣೂರಿನ ಫರ್ಜಾನಾನ ಮಗಳು."

ಲೋಹಿತ ಉಸಿರು ಬಿಗಿಹಿಡಿದ. ಮುದುಕಿ ಅಂಕಿತಾಳ ಮುಖವನ್ನೇ ನೋಡಿದಳು.

"ಹುಡುಗಿ ಹೆಂಗದಾಳ?"

"ಕಬಡ್ಡಿ ಆಡ್ತಾಳ್ರಿ. ಹಿಡದ್ರ ಬಿಡೂದಿಲ್ಲ."

"ಹಂಗಾದ್ರ ಹಾಕು."

ಅರ್ಧ ತಾಸಿನ ಬಳಿಕ ಲೋಹಿತ ಥರ್ಮಾಮೀಟರನ್ನು ಅಂಕಿತಾಳ ಮುಂದೆ ಹಿಡಿದ. ಮೂವತ್ತಾರು ಪಾಯಿಂಟ್ ಎಂಟು ಡಿಗ್ರಿ, ಕೂಸಿನ ಮೈ ಬೆಚ್ಚಗಾಗಿತ್ತು. ಅವಳ ಕಣ್ಣು ತುಂಬಿತು.

"ಈಗರ ಹೇಳ್ರಿ," ಪಡಸಾಲೆಗೆ ಬಂದು ಕೇಳಿದಳು. "ಸುಳ್ಳು ಯಾಕ ಬರದ್ರಿ?"

"ಖರೇ ಬರದಿದ್ರ ನೀವು ಕಳಸೂದು ನಿಲ್ಲಸ್ತಿದ್ರಿ. ನಿಮಗ ಬರಿಯಾಕ ನನಗ ಬ್ಯಾರೆ ನೆಪ ಇರಲಿಲ್ಲರಿ." ಅವನ ದನಿ ತಗ್ಗಿತು. "ನೋಡದಲೇ ನಿಮ್ಮನ್ನ ಹಚ್ಚಿಕೊಂಡಿದ್ದೆ. ಕುಲಾವಿ ಇಲ್ಲದಿದ್ರೂ ಕೂಸುಗಳನ್ನ ತಾಯಿ ಎದಿಗೆ ಅಪ್ಪಿಸಿ ಬೆಚ್ಚಗ ಇಟ್ಟೇನಿ. ಆದ್ರೂ ತಪ್ಪು ತಪ್ಪರಿ."

"ಹೌದು, ತಪ್ಪ." ಅವಳು ಪಡಸಾಲೆಯ ಕಂಬಕ್ಕೆ ಒರಗಿದಳು. "ನಿಮ್ಮ ಮೆಸೇಜ್ ಬರೂತನಕ ನನಗೂ ನಿದ್ದಿ ಹತ್ತುತ್ತಿರಲಿಲ್ಲ."

ಲೋಹಿತ ತಲೆಯೆತ್ತಿದ.

"ಅವ್ವ ಮಾಸೂರಾಗ ಕೇಳಾಕತ್ತಾಳ್ರಿ... ಯಾರ ಸಲುವಾಗಿ ಊರೂರು ತಿರಗಾಕತ್ತಿ ಅಂತ."

"ಏನ ಹೇಳಿದ್ರಿ?"

"ಇನ್ನೂ ಏನೂ ಹೇಳಿಲ್ಲ. ನಿಮ್ಮನ್ನ ಕೇಳದ ಹೆಂಗ ಹೇಳ್ಲಿ?"

ಅಂಕಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳಬ್ಯಾಡ್ರಿ. ನಾನ ಬಂದು ಹೇಳ್ತೇನಿ."