ಹನ್ನೊಂದು ಬಿಳಿ ಸೇವಂತಿಗೆ

ಬಾಟಲಿಯೊಳಗಿನ ದ್ರವ ಹಳಸಿದ ಗಂಜಿಯಂತೆ ಕದಡಿತ್ತು. ಪ್ರಯೋಗಾಲಯದ ಕಿರಿಯ ಸಹಾಯಕಿ ಮಿಫುಯು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಸಾವಿರ ಬಿಳಿ ರಕ್ತಕಣಗಳಲ್ಲಿ ಒಂದು ಸಿಕ್ಕರೆ ಹೆಚ್ಚು, ಕ್ಯಾನ್ಸರಿನೊಡನೆ ಹೋರಾಡುವ ಅಂಥ ಅಪರೂಪದ ಜಾತಿಯ ಟಿ ಕಣಗಳು ಅದರಲ್ಲಿದ್ದವು. ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ ಇವಾಸೆ-ಸಾನ್ ಅವರ ರಕ್ತದಿಂದಲೇ ಹೆಕ್ಕಿ, ಮೂರು ವಾರ ಸಾಕಿ, ಇವತ್ತು ಅವರ ಮೈಗೆ ಹಿಂತಿರುಗಿಸಬೇಕಿತ್ತು. ಇನ್ನೊಮ್ಮೆ ರಕ್ತ ಕೊಡುವ ಶಕ್ತಿ ಆಕೆಗೆ ಉಳಿದಿರಲಿಲ್ಲ.

ಕಣಗಳನ್ನು ಸಾಕುವ ಕಾವುಪೆಟ್ಟಿಗೆ ಮೂವತ್ತೇಳರ ಬದಲು ಐವತ್ತು ಡಿಗ್ರಿ ತೋರಿಸುತ್ತಿತ್ತು; ಕಣಗಳೆಲ್ಲ ಬೆಂದು ಸತ್ತಿದ್ದವು.

“ದಾಖಲೆ ಪುಸ್ತಕದಲ್ಲಿ ನಿನ್ನೆ ಐದು ಗಂಟೆಗೆ ಕೊನೇ ಸಹಿ ನಿಂದೇ,” ಎಂದರು ಅವಳ ಸೆನ್ಸೇ, ಈ ಚಿಕಿತ್ಸೆ ರೂಪಿಸಿದ ಗುರು, ಸಹಪ್ರಾಧ್ಯಾಪಕ ಹತನಾಕ. “ಇಲಿಗಳ ಸ್ಮರಣೆ ಮುಗಿಸಿ ನಾನು ನೇರ ಮನೆಗೆ ಹೋದೆ. ಇಲ್ಲಿದ್ದವಳು ನೀನೊಬ್ಬಳೇ. ನಾಳೆಯಿಂದ ಬರಬೇಡ.”

ಮಿಫುಯು ಎಂದಿನಂತೆ ತಲೆಬಾಗಿ ವಂದಿಸಿದಳು. ನೆಲಮಾಳಿಗೆಗೆ ಇಳಿದಳು. ಅಲ್ಲಿ ಮೂವತ್ತು ವರ್ಷದಿಂದ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುತ್ತಿದ್ದ ತೊಕುಯೆ ಅಜ್ಜಿಯಿದ್ದಳು. ಪ್ರಯೋಗಾಲಯದಲ್ಲಿ ಏನೇ ಕಳುವಾದರೂ ಪತ್ತೆಮಾಡಿಕೊಡು ಎಂದು ಎಲ್ಲರೂ ಮೊದಲು ಹುಡುಕಿಕೊಂಡು ಬರುತ್ತಿದ್ದುದು ಅವಳನ್ನೇ. ಮಿಫುಯು ಅಳುತ್ತಲೇ ನಡೆದದ್ದನ್ನು ಹೇಳಿದಳು.

“ಬೇಗ ಅತ್ತು ಮುಗಿಸು ತಾಯಿ, ಇಲಿಗಳು ಹೆದರ್ತವೆ. ಆ ಕಾವುಪೆಟ್ಟಿಗೆ ಕೋಣೆ ಬೀಗದ ಕೈ ಯಾರ್ಯಾರ ಹತ್ರ ಇದೆ?”

“ನನ್ ಹತ್ರ, ಹತನಾಕ ಸೆನ್ಸೇ ಹತ್ರ, ನಮ್ಮ ಮುಖ್ಯಸ್ಥರು ಶಿಮೊತೊರಿ ಸೆನ್ಸೇ ಹತ್ರ. ಶಿಮೊತೊರಿ ಸೆನ್ಸೇ ಎರಡು ದಿನ ಟೋಕಿಯೋದಲ್ಲಿದ್ರು, ಈಗಷ್ಟೇ ಬಂದ್ರು.”

ಅಜ್ಜಿ ಮೇಲೆ ಬಂದು, ನಿನ್ನೆ ಆ ಕೋಣೆಯಲ್ಲಿ ಬಳಸಿ ಬಿಸಾಡಿದ ನಿಲುವಂಗಿಗಳ ಚೀಲ ಬಿಚ್ಚಿದಳು. ಎರಡಿದ್ದವು. ಒಂದೊಂದನ್ನೂ ಮೂಗಿಗೆ ಹಿಡಿದಳು. ಆಮೇಲೆ ಕಟ್ಟಡದ ಹಿಂದಿನ ಸ್ಮಾರಕಶಿಲೆಯತ್ತ ನಡೆದಳು. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತಮ್ಮ ಕೈಯಾರೆ ಕೊಂದ ಒಂದೊಂದು ಇಲಿಗೂ ಒಂದೊಂದು ಬಿಳಿ ಸೇವಂತಿಗೆಯಂತೆ, ತಮ್ಮ ಹೆಸರು ಕಟ್ಟಿ ಅಲ್ಲಿಟ್ಟು ಊದುಬತ್ತಿ ಹಚ್ಚುವುದು ಅವರ ವಾಡಿಕೆ; ಈ ವರ್ಷದ ಸ್ಮರಣೆ ನಿನ್ನೆ ನಡೆದಿತ್ತು. ಅಜ್ಜಿ ಒಂದು ಕಟ್ಟು ಎತ್ತಿಕೊಂಡಳು.

ಬೆಳಿಗ್ಗೆ ಹನ್ನೊಂದು ಗಂಟೆಗೆ, ಅಜ್ಜಿ ಕರೆದಂತೆ, ಎಲ್ಲರೂ ಪ್ರಯೋಗಾಲಯದಲ್ಲಿ ಸೇರಿದರು.

“ಇಲಿ ಪಿಕ್ಕೆ ಬಳಿಯೋ ಅಜ್ಜಿಗೆ ಕಣಗಳ ವಿಷ್ಯ ಏನು ಗೊತ್ತು?” ಹತನಾಕ ನಕ್ಕರು.

“ಕಣ ಗೊತ್ತಿಲ್ಲ, ಮೂಗಿದೆ. ಚಿಕ್ಕ ನಿಲುವಂಗಿ ಈ ಹುಡುಗೀದು, ಬರೀ ಔಷಧಿ ವಾಸನೆ. ದೊಡ್ಡದಕ್ಕೆ ಊದುಬತ್ತಿ ವಾಸನೆ. ಇವಳು ಸ್ಮರಣೆಗೆ ಬರ್ಲಿಲ್ಲ, ಶಿಮೊತೊರಿ ಸೆನ್ಸೇ ಊರಲ್ಲೇ ಇರ್ಲಿಲ್ಲ. ಬೀಗದ ಕೈ ಇರೋರಲ್ಲಿ ಊದುಬತ್ತಿ ಹಚ್ಚಿದೋರು ನೀವೊಬ್ರೇ. ನೇರ ಮನೆಗೆ ಹೋಗ್ಲಿಲ್ಲ ನೀವು.”

“ನನ್ನ ಕೆಲಸಾನ ನಾನೇ ಯಾಕೆ ಹಾಳು ಮಾಡ್ಲಿ?”

ಅಜ್ಜಿ ಹೂವಿನ ಕಟ್ಟನ್ನು ಮೇಜಿನ ಮೇಲಿಟ್ಟಳು. “ಈ ಚಿಕಿತ್ಸೆ ನಲವತ್ತು ಇಲಿಗಳಿಗೆ ಕೊಟ್ಟೆ, ಎಲ್ಲಾ ಗೆಲುವಾಗಿದ್ವು, ಕೊನೆಗೆ ನಾನೇ ಕೊಂದು ಕೊಯ್ದು ನೋಡಿದೆ ಅಂತ ವರದೀಲಿ ಬರೆದಿದ್ದೀರಿ. ನನ್ನಿಂದ ತಗೊಂಡಿದ್ದು ಹನ್ನೊಂದು. ಉಳಿದಿದ್ದು ಬೇರೆ ಕಡೆಯಿಂದ ತರಿಸಿದೆ ಅಂದ್ರಿ, ನಂಬಿದೆ. ನಿಮ್ಮ ಹೆಸರಲ್ಲಿ ಹೂವು ಎಷ್ಟಿದೆ, ಎಣಿಸಿ.”

ಯಾರೂ ಎಣಿಸಲಿಲ್ಲ.

“ಬದುಕಿರೋರಿಗೆ ಸುಳ್ಳು ಹೇಳಿದ್ರಿ ಸೆನ್ಸೇ. ಸತ್ತ ಇಲಿಗಳ ಮುಂದೆ ಆಗ್ಲಿಲ್ಲ.”

ಹತನಾಕ ಹೂವಿನ ಕಟ್ಟನ್ನು ಪಕ್ಕಕ್ಕೆ ಸರಿಸಿದರು. “ಹನ್ನೊಂದರಲ್ಲಿ ಒಂಬತ್ತು ಆ ಚಿಕಿತ್ಸೆಗೇ ಸಾಯೋ ಹಂಗಾದ್ವು. ಒಪ್ಪಿಕೊಳ್ಳೋಕೂ ಧೈರ್ಯ ಬರ್ಲಿಲ್ಲ, ಆಕೆ ಮೈಗೆ ಹಾಕೋಕೂ ಬರ್ಲಿಲ್ಲ. ಅದಕ್ಕೇ ಕಾವು ಏರಿಸಿದೆ.”

“ಇವಾಸೆ-ಸಾನ್‌ಗೆ ಯಾರು ಹೇಳ್ತೀರಿ?” ಶಿಮೊತೊರಿ ಕೇಳಿದರು.

ಹತನಾಕರ ಕಣ್ಣು ಅಭ್ಯಾಸಬಲದಿಂದ ಮಿಫುಯುವಿನತ್ತ ಹೊರಳಿತು. ಅವಳು ಎದ್ದು ಬಾಗಿಲು ತೆರೆದು ಹಿಡಿದಳು.

“ನೀವೇ ಬನ್ನಿ, ಸೆನ್ಸೇ.”

ಮೂರನೆಯ ಮಹಡಿಯ ವಾರ್ಡಿನಲ್ಲಿ ಇವಾಸೆ-ಸಾನ್ ತಲೆ ಬಾಚಿಸಿಕೊಂಡು, ಸೂಜಿಗೆಂದು ಎಡದೋಳಿನ ಬಟ್ಟೆ ಮಡಚಿ, ಆಗಲೇ ಕಾದು ಕುಳಿತಿದ್ದರು.